ಬಂಗು, ಬಂಗ, ಬಂಗುಡೆ

ಮದುವೆಯ ಊಟಕ್ಕೆ ಕುಳಿತಾಗ ಎಲೆಗೆ ತೊಂಡೆಕಾಯಿ-ಗೇರುಬೀಜದ ಪಲ್ಯ ಬಂದು ಬಿದ್ದರೆ ಸಾಕು, ನನ್ನ ಬಲಗೈ ಎಲೆಗೆ ಹೋಗುವ ಬದಲು ಎಡಗೈಯ ಮಣಿಕಟ್ಟಿಗೆ ಹೋಗುತ್ತದೆ. ಪಕ್ಕದಲ್ಲಿ ಕುಳಿತವರು ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೇನೆ ಎಂದು ತಿಳಿದು, “ಬಸ್ಸಿಗೆ ಇನ್ನೂ ಹೊತ್ತುಂಟು ಟೀಚರ್, ಪಾಯಸ ಬರಲಿ” ಎಂದು ಸಮಾಧಾನ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಗಡಿಯಾರದ ಪಟ್ಟಿಯ ಅಡಿಯಲ್ಲಿ ಹುರುಳಿಕಾಳಿನಷ್ಟು ಒಂದು ಕಪ್ಪು ಕಲೆ ಇದೆ, ಅದನ್ನು ಮುಟ್ಟಿ ನೋಡಿಕೊಂಡೆ ಎಂದು ಹೇಳಿದರೆ ಪೂರ್ತಿ ಕಥೆ ಹೇಳಬೇಕಾಗುತ್ತದೆ. ಕಥೆ ಮುಗಿಯುವಷ್ಟರಲ್ಲಿ ಪಾಯಸ ಮುಂದಿನ ಸಾಲಿಗೆ ಹೋಗಿರುತ್ತದೆ. ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದರ ಹೆದರಿಕೆ. ಕೆಲವರಿಗೆ ಹಾವು, ಕೆಲವರಿಗೆ ಹಲ್ಲಿ, ನಮ್ಮ ಶಾಲೆಯ ಹೆಡ್‌ಮಾಸ್ಟರರಿಗೆ ಇನ್‌ಸ್ಪೆಕ್ಟರು. ನನಗೆ ಹಸಿ ಗೇರುಬೀಜ. ಉಡುಪಿ-ಕಾರ್ಕಳದ ಕಡೆ ಹುಟ್ಟಿ ಗೇರುಬೀಜಕ್ಕೆ ಹೆದರುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ. ಆದರೂ ಹೆದರುತ್ತೇನೆ. ಪಾಯಸದ ಅವಸರವಿಲ್ಲದ ನಿಮಗಾದರೂ ಕಾರಣ ಹೇಳಬಹುದು.

ಕಾರಣದ ಅರ್ಧ ಭಾಗ ಗೇರುಬೀಜದ್ದು, ಇನ್ನರ್ಧ ಭಾಷೆಯದ್ದು. ನಮ್ಮೂರಿನಲ್ಲಿ ಒಬ್ಬೊಬ್ಬರಿಗೆ ಮೂರು ಮೂರು ಭಾಷೆ, ಕಿವಿ ಮಾತ್ರ ಎರಡೇ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಜವಳಿ ಅಂಗಡಿಯಲ್ಲಿ ಕೊಂಕಣಿ, ಕೋಪ ಬಂದರೆ ಯಾವುದು ಮೊದಲು ನಾಲಗೆಗೆ ಸಿಗುತ್ತದೋ ಅದು. ದಿನವೂ ಹೀಗೇ ನಡೆದುಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಎಲ್ಲೋ ಒಂದು ಶಬ್ದ ಎರಡು ಭಾಷೆಗಳ ನಡುವಿನ ಬೇಲಿಯ ಮೇಲೆ ಕುಳಿತಿರುತ್ತದೆ. ಈ ಕಡೆಯಿಂದ ನೋಡಿದವರಿಗೆ ಕೋಳಿ, ಆ ಕಡೆಯಿಂದ ನೋಡಿದವರಿಗೆ ಗಿಡುಗ. ನಮ್ಮ ಮನೆಯ ಮೇಲೆ ಎರಗಿದ ಅಂಥ ಶಬ್ದ ‘ಬಂಗು’.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾವು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ, ಕುಂಜಿಬೆಟ್ಟಿನಲ್ಲಿ, ಒಂದು ಹೆಂಚಿನ ಮನೆಯಲ್ಲಿದ್ದೆವು. ಅಪ್ಪ ತೀರಿಹೋಗಿದ್ದರು. ಅಮ್ಮ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಣ್ಣ, ಅಣ್ಣನ ಹೆಂಡತಿ ಜಲಜ, ಮತ್ತೆ ನಾನು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಹಾಗೆಂದರೆ ಮನೆಯಲ್ಲಿ ಕುಳಿತು ಎಲ್ಲರಿಗೂ ವಿಜ್ಞಾನ ಹೇಳುತ್ತಿದ್ದೆ. ಜಲಜ ಅತ್ತಿಗೆ ಕಾಪುವಿನವಳು. ನನಗಿಂತ ಸ್ವಲ್ಪವೇ ದೊಡ್ಡವಳಾದ್ದರಿಂದ ನಮ್ಮಿಬ್ಬರದು ‘ನೀನು’ ಎನ್ನುವ ಸಲಿಗೆ. ದೀಪಸ್ತಂಭದ ಹತ್ತಿರದ ಮನೆಯಲ್ಲಿ ಕಡಲಗಾಳಿ ಕುಡಿದು ಬೆಳೆದರೂ ಅವಳ ಮುಖ ಮಾತ್ರ ಆಗತಾನೆ ಸಿಪ್ಪೆ ಸುಲಿದ ಬಾದಾಮಿಯ ಹಾಗಿತ್ತು. ಮದುವೆಗೆ ಬಂದ ನಮ್ಮ ಕಡೆಯ ಹೆಂಗಸರು ಆ ಮುಖವನ್ನು ನೋಡಿ, ಆಮೇಲೆ ಅಣ್ಣನ ಮುಖವನ್ನು ನೋಡಿ, “ದೇವರು ದೊಡ್ಡವನು” ಎಂದು ಹೇಳಿದ್ದನ್ನು ಅಣ್ಣ ಇನ್ನೂ ಮರೆತಿಲ್ಲ.

ಆ ಅತ್ತಿಗೆ ಬಸುರಿಯಾದಳು. ಆರನೆಯ ತಿಂಗಳಿನ ಹೊತ್ತಿಗೆ ಅವಳ ಎರಡೂ ಕೆನ್ನೆಗಳ ಮೇಲೆ, ಹಣೆಯ ಮೇಲೆ, ಮೂಗಿನ ಮೇಲೆ ಕಂದುಬಣ್ಣದ ನೆರಳು ಹರಡತೊಡಗಿತು. ಅಮ್ಮ ಮೊದಲು ಅದು ಬಚ್ಚಲಿನ ಒಲೆಯ ಮಸಿ ಎಂದುಕೊಂಡು ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಹೋಗಲಿಲ್ಲ. ಕಡಲೆಹಿಟ್ಟು ಹಾಕಿ ತಿಕ್ಕಿದಳು. ಹೋಗಲಿಲ್ಲ. ಅತ್ತಿಗೆ, “ಅತ್ತೆ, ನಾನು ಎಂತ ಅನ್ನದ ಚರಿಗೆಯಾ, ಹೀಗೆ ತಿಕ್ಕುತ್ತೀರಿ?” ಎಂದು ನಕ್ಕಳು. ಆದರೆ ಅಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ತಿಂಗಳು ಸೀಮಂತ. ಕಾಪುವಿನವರು ಬಂದು, ಮಗಳಿಗೆ ಮಲ್ಲಿಗೆ ಮುಡಿಸಿ, ಬಾಣಂತನಕ್ಕೆ ಕರೆದುಕೊಂಡು ಹೋಗುವುದು ಕ್ರಮ. ಆಗ ಅವರು ಮೊದಲು ನೋಡುವುದು ಮುಖವನ್ನು. “ಎರವಲು ತಂದ ಪಾತ್ರೆಯನ್ನು ಮಸಿ ಹಿಡಿಸಿ ವಾಪಸು ಕೊಟ್ಟ ಹಾಗಾಯಿತು ಮಾರಾಯ್ತಿ. ಒಲೆಯ ಎದುರಿನಿಂದ ಏಳಲಿಕ್ಕೇ ಬಿಡಲಿಲ್ಲ, ಹೊಟ್ಟೆಗೆ ಸರಿ ಹಾಕಲಿಲ್ಲ ಅಂತ ಹೇಳುವುದಿಲ್ಲವಾ ಅವರು?” ಎಂದು ಅಮ್ಮ ನನ್ನೊಡನೆ ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದಳು. ನಿಜ ಹೇಳಬೇಕೆಂದರೆ ಆ ತಿಂಗಳುಗಳಲ್ಲಿ ಅತ್ತಿಗೆಯನ್ನು ಒಲೆಯ ಹತ್ತಿರ ಅಮ್ಮ ಸುಳಿಯಲೂ ಬಿಟ್ಟಿರಲಿಲ್ಲ. ಒಲೆಯ ಎದುರು ಇದ್ದವಳು ನಾನು. ನನ್ನ ಮುಖದ ಬಣ್ಣದ ಬಗ್ಗೆ ಯಾರೂ ಚಿಂತೆ ಮಾಡಲಿಲ್ಲ. ಅದರಲ್ಲಿ ಕೆಡಲಿಕ್ಕೆ ಹೆಚ್ಚೇನೂ ಇರಲಿಲ್ಲ.

ಅತ್ತಿಗೆ ಒಂದು ಮಧ್ಯಾಹ್ನ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, ಸೀರೆ ಸ್ವಲ್ಪ ಸರಿಸಿ ಹೊಟ್ಟೆ ತೋರಿಸಿದಳು. ಹೊಕ್ಕುಳಿನ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ. “ಇದೆಂತ ಸುಮ, ಸ್ಕೇಲಿಟ್ಟು ಎಳೆದ ಹಾಗೆ ಉಂಟು? ನೀನು ಕಪ್ಪೆಯೆಲ್ಲ ಕೊಯ್ದಿದ್ದೀಯಲ್ಲ, ಹೇಳು” ಎಂದಳು. ನಮ್ಮ ಮನೆಯಲ್ಲಿ ನನ್ನ ಪದವಿಗೆ ಇದ್ದ ಮರ್ಯಾದೆ ಅಷ್ಟೇ: ಕಪ್ಪೆ ಕೊಯ್ದವಳು. ಯಾರಿಗೆ ಜ್ವರ ಬಂದರೂ, ಹಲ್ಲು ನೋಯುತ್ತಿದ್ದರೂ, ಕೊನೆಗೆ ಪಕ್ಕದ ಮನೆಯ ಎಮ್ಮೆ ಹಾಲು ಕೊಡದಿದ್ದರೂ ನನ್ನನ್ನೇ ಕರೆಯುತ್ತಿದ್ದರು. ನಾನು ಕೊಯ್ದ ಕಪ್ಪೆಗಳಲ್ಲಿ ಒಂದೂ ಬಸುರಿಯಾಗಿರಲಿಲ್ಲ, ಆಗಿದ್ದರೂ ಅದರ ಮುಖಕ್ಕೆ ನೆರಳು ಬಂದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಆದರೂ ಗಂಭೀರವಾಗಿ, “ಚರ್ಮದಲ್ಲಿ ಬಣ್ಣ ಹೆಚ್ಚಾಗುತ್ತದೆ” ಎಂದೆ. “ಅದು ನನಗೂ ಕಾಣುತ್ತದೆ” ಎಂದಳು ಅತ್ತಿಗೆ. ಆ ದಿನದಿಂದ ಅವಳು ತಲೆ ಬಾಚುವಾಗ ಕನ್ನಡಿಗೆ ಬೆನ್ನು ಹಾಕುವುದನ್ನು ನಾನು ಕಂಡೆ. ನಗುವುದನ್ನು ಬಿಟ್ಟಿರಲಿಲ್ಲ, ಕನ್ನಡಿಯನ್ನು ಬಿಟ್ಟಿದ್ದಳು.

ಮಣಿಪಾಲಕ್ಕೆ ತಿಂಗಳ ತಪಾಸಣೆಗೆ ಹೋದಾಗ ಅಮ್ಮನೂ ನಾನೂ ಜೊತೆಗೆ ಹೋದೆವು. ಅಲ್ಲಿ ಲೇಡಿ ಡಾಕ್ಟರು ಮೈಸೂರು ಕಡೆಯವರು, ಹೊಸದಾಗಿ ಬಂದವರು. ಹೊರಗಿನವರೊಡನೆ ಅಮ್ಮ ಬಹಳ ಜಾಗ್ರತೆಯಿಂದ, ಪಾಠಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಾಳೆ. ಆದರೆ ಗಾಬರಿಯಾದರೆ ನಡುವೆ ತುಳು ನುಗ್ಗುತ್ತದೆ. “ಡಾಕ್ಟರೇ, ಇವಳು ನಮ್ಮ ಸೊಸೆ. ಇವಳು ಈಗ ಬಂಜಿನಾಳ್” ಎಂದಳು. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ, ಬಂಜಿನಾಳ್ ಎಂದರೆ ಬಸುರಿ. ಡಾಕ್ಟರು ಪೆನ್ನು ಕೆಳಗಿಟ್ಟು ಅತ್ತಿಗೆಯ ಹೊಟ್ಟೆಯನ್ನೂ ಅಮ್ಮನ ಮುಖವನ್ನೂ ನೋಡಿದರು. “ಬಂಜೆ ಅಂತ ಯಾರಮ್ಮ ಹೇಳಿದ್ದು ನಿಮಗೆ? ಆರು ತಿಂಗಳಾಗಿದೆ ಇವ್ರಿಗೆ!” ಎಂದರು. ಅಲ್ಲಿಗೆ ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ಅಮ್ಮ ಸುಮ್ಮನೆ ಅತ್ತಿಗೆಯ ಕೆನ್ನೆಯ ಕಡೆ ಬೆರಳು ತೋರಿಸಿದಳು. ಡಾಕ್ಟರು ನಕ್ಕುಬಿಟ್ಟರು. “ಓ, ಇದಾ! ಇದು ಬಂಗು ಅಷ್ಟೇ. ಬಸುರಿಯರಿಗೆ ಬರತ್ತೆ. ಹೊಟ್ಟೆ ಮೇಲಿನ ಗೆರೆಯೂ ಇದೇ ಜಾತಿ. ಏನೂ ಹಚ್ಚಬೇಡಿ, ಬಿಸಿಲಿಗೆ ಹೋಗುವಾಗ ಸೆರಗು ಮುಚ್ಕೊಳ್ಳಿ. ಹೆರಿಗೆ ಆದ್ಮೇಲೆ ನಿಧಾನವಾಗಿ ತಾನೇ ಮಾಸತ್ತೆ” ಎಂದರು.

ಅಮ್ಮನ ಮುಖ ಬಿಳಿಚಿಕೊಂಡಿತು. ತುಳುವಿನಲ್ಲಿ ಬಂಗ ಎಂದರೆ ಕಷ್ಟ, ಸಂಕಟ. ಸಾಲ ತೀರದಿದ್ದರೆ ಬಂಗ, ಗಂಡ ಕುಡಿದರೆ ಬಂಗ, ಜೀವಕ್ಕೆ ಕುತ್ತು ಬಂದರೂ ಬಂಗವೇ. ಕಲೆಗೆ ‘ಕಲೆ’ ಎಂದು ಹೇಳುತ್ತಿದ್ದ ನಮ್ಮ ಮನೆಯಲ್ಲಿ ‘ಬಂಗು’ ಎಂಬ ಶಬ್ದವನ್ನು ಅದುವರೆಗೆ ಯಾರೂ ಬಳಸಿರಲಿಲ್ಲ. ಮೈಸೂರಿನ ಡಾಕ್ಟರು ನಗುನಗುತ್ತಾ, ಬಸುರಿಯರಿಗೆ ಬಂಗ ಬರುತ್ತದೆ, ಮಾಡಲಿಕ್ಕೆ ಏನೂ ಇಲ್ಲ ಎಂದು ಹೇಳಿದ ಹಾಗೆ ಅಮ್ಮನಿಗೆ ಕೇಳಿಸಿತ್ತು. ಹೊರಗೆ ಬಂದವಳೇ, “ಎಂಥ ಕಲ್ಲುಮನಸ್ಸಿನ ಹೆಂಗಸು!” ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾನು ಬಸ್ಸು ಬರುವವರೆಗೂ ವಿವರಿಸಿದೆ. ಬಂಗ ಬೇರೆ, ಬಂಗು ಬೇರೆ. ಇದು ಕೊಂಬು ಇರುವ ಬಂಗು, ಘಟ್ಟದ ಮೇಲಿನವರ ಶಬ್ದ, ಇದು ಬಂದರೆ ಏನೂ ಆಗುವುದಿಲ್ಲ. ಬಸ್ಸು ಕುಂಜಿಬೆಟ್ಟಿಗೆ ತಲುಪುವಾಗ ಅಮ್ಮನಿಗೆ ಅರ್ಥವಾಗಿತ್ತು. ಅತ್ತಿಗೆಯಂತೂ ಕಿಟಕಿಗೆ ಮುಖ ಕೊಟ್ಟು ನಗುತ್ತಿದ್ದಳು. ನನಗೋ ಹೊಸ ಶಬ್ದವೊಂದು ಸಿಕ್ಕಿದ ಹೆಮ್ಮೆ. ಹೊಸ ಬಳೆ ತೊಟ್ಟವಳು ಕೈ ಬೀಸಿ ನಡೆಯುವ ಹಾಗೆ ನಾಲ್ಕು ದಿನ ಕಂಡಕಂಡಲ್ಲಿ ‘ಬಂಗು’ ಎಂದು ಹೇಳುತ್ತಾ ತಿರುಗಿದೆ. ಬಂದ ಅನಾಹುತಕ್ಕೂ, ತಪ್ಪಿದ ಅನಾಹುತಕ್ಕೂ ಆ ಹೆಮ್ಮೆಯೇ ಕಾರಣ.

ಅಮ್ಮ ಯೋಚಿಸಿ ಒಂದು ಉಪಾಯ ಕಂಡುಹಿಡಿದಿದ್ದಳು. ಕಾಪುವಿನವರು ಸೀಮಂತಕ್ಕೆ ಬಂದು ಥಟ್ಟನೆ ಮುಖ ನೋಡಿ ಹೌಹಾರುವುದಕ್ಕಿಂತ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಫೋನು ನಮ್ಮಲ್ಲೂ ಇರಲಿಲ್ಲ, ಅವರಲ್ಲೂ ಇರಲಿಲ್ಲ. ಆದರೆ ಸಂಜೀವ ಇದ್ದ. ಉಡುಪಿಯಿಂದ ಕಟಪಾಡಿ, ಕಾಪು ದಾಟಿ ಪಡುಬಿದ್ರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಆ ಬಸ್ಸಿನಲ್ಲಿ ಜನ ಹೋಗುತ್ತಿದ್ದದ್ದು ನೆಪಕ್ಕೆ. ನಿಜವಾಗಿ ಹೋಗುತ್ತಿದ್ದದ್ದು ಮಲ್ಲಿಗೆಯ ಚೆಂಡು, ಹೊಲಿದ ರವಿಕೆ, ಔಷಧದ ಸೀಸೆ, ಮದುವೆಯ ಮಾತುಕತೆ. ಯಾರ ಮನೆಯ ಸುದ್ದಿ ಯಾವ ಸ್ಟಾಪಿನಲ್ಲಿ ಇಳಿಯಬೇಕು ಎಂಬುದು ಸಂಜೀವನಿಗೆ ಬಾಯಿಪಾಠ. ನಾನು ಬೆಳಿಗ್ಗೆ ಉಡುಪಿಯ ಬಸ್‌ಸ್ಟ್ಯಾಂಡಿಗೆ ಹೋದಾಗ ಬಸ್ಸು ಆಗಲೇ ಗುಡುಗುತ್ತಾ ಹೊರಟಿತ್ತು, ಸಂಜೀವ ಮೆಟ್ಟಿಲಲ್ಲಿ ನೇತಾಡುತ್ತಿದ್ದ. ನಾನು ಪಕ್ಕದಲ್ಲಿ ಓಡುತ್ತಾ, “ಜಲಜಕ್ಕಗ್ ಬಂಗು ಬೈದ್ಂಡ್” ಎಂದು ಕೂಗಿದೆ. ಜಲಜಕ್ಕನಿಗೆ ಬಂಗು ಬಂದಿದೆ, ಅಷ್ಟೇ. ಸಾಲದೆಂದು, “ಹೆದರಬೇಡಿ ಅಂತ ಹೇಳಿ!” ಎಂದೂ ಸೇರಿಸಿದೆ. ‘ಕಲೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಸ ಬಳೆ ಬಿಡಬೇಕಲ್ಲ! ಬಸ್ಸು ನನ್ನ ಶಬ್ದದ ಕೊಂಬು ಮುರಿದುಕೊಂಡು ಕಟಪಾಡಿಯ ಕಡೆಗೆ ಹೋಯಿತು. ಉಳಿದದ್ದು ಬಂಗ.

ಅದು ‘ಬಂಗುಡೆ’ ಎಂದು ಕೇಳಿಸಿದ್ದರೆ ಎಷ್ಟು ಸುಖವಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಡಲತೀರದ ಜನ, ಮಗಳಿಗೆ ಬಂಗುಡೆಯ ಆಸೆಯಾಗಿದೆ ಎಂದುಕೊಂಡು ಒಂದು ಬುಟ್ಟಿ ತಾಜಾ ಮೀನು ಕಳಿಸಿ ಸುಮ್ಮನಾಗುತ್ತಿದ್ದರು. ಹಾಗಾಗಿದ್ದರೆ ಇವತ್ತು ಈ ಪ್ರಬಂಧ ಇರುತ್ತಿರಲಿಲ್ಲ. ಅತ್ತಿಗೆಯ ಮುಖ ಹೇಗಿರುತ್ತಿತ್ತೋ ಅದನ್ನು ಮಾತ್ರ ಯೋಚಿಸಲು ನನಗೆ ಈಗಲೂ ಧೈರ್ಯ ಸಾಲದು.

ಏಕೆಂದರೆ ಅದೇ ದಿನ ಮಧ್ಯಾಹ್ನ, ಅಮ್ಮ ಬರೆದಿದ್ದ ಕಾಗದದಿಂದ ಮುಖದ ಸುದ್ದಿ ತಿಳಿದು, ಕಾರ್ಕಳದಿಂದ ಮಾಮಿ ಬಂದರು. ಮಾಮಿ ಎಂದರೆ ನನ್ನ ಅಪ್ಪನ ಅಕ್ಕ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಅಪ್ಪ ಇದ್ದಾಗಲೂ ಹಾಗೇ ಇತ್ತು, ಆದರೆ ಆಗ ಅಪ್ಪ ಅದನ್ನು ತಮ್ಮ ಬಾಯಿಯಿಂದ ಹೇಳುತ್ತಿದ್ದರು. ಮಾಮಿ ಬಹಳ ಪ್ರೀತಿಯವರು. ಬಸ್ಸಿನಿಂದ ಇಳಿಯುವಾಗಲೇ ಅವರ ಚೀಲದಿಂದ ಹಲಸಿನ ಹಪ್ಪಳ, ಮಿಡಿಮಾವು, ಬೈಗುಳ ಎಲ್ಲ ಒಟ್ಟಿಗೆ ಇಳಿಯುತ್ತಿದ್ದವು. ಅವರು ಅತ್ತಿಗೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಅಯ್ಯೋ ಮಗಾ, ಈ ಮುಖ ಇಟ್ಟುಕೊಂಡು ನಾಲ್ಕು ಜನರ ಎದುರು ಹೇಗೆ ಕೂತುಕೊಳ್ಳುತ್ತೀ? ನೀನು ಹೆದರಬೇಡ. ನಾನು ಮದ್ದು ತಂದಿದ್ದೇನೆ” ಎಂದರು. ಚೀಲದ ತಳದಿಂದ ತೆಗೆದದ್ದು ಒಂದು ಎಲೆಪೊಟ್ಟಣ. ಅದರಲ್ಲಿ ಅವರ ಗುಡ್ಡೆಯ ಗೇರುಮರದಿಂದ ಕಿತ್ತ ಹಸಿರು ಬೀಜಗಳು.

“ಇದರ ಸೊನೆ ಹಚ್ಚಿದರೆ ಮೇಲಿನ ಕರಿ ಸಿಪ್ಪೆ ಎದ್ದುಹೋಗಿ ಒಳಗಿನಿಂದ ಹೊಸ ಚರ್ಮ ಬರುತ್ತದೆ. ಹಾವು ಪೊರೆ ಬಿಡುವುದಿಲ್ಲವಾ, ಹಾಗೆ” ಎಂದರು ಮಾಮಿ. ತಮ್ಮ ಒಕ್ಕಲಿನ ಒಬ್ಬನ ಕೈಯ ನರುಲಿ ಇದರಿಂದಲೇ ಉದುರಿಹೋದದ್ದನ್ನು ಕಣ್ಣಾರೆ ಕಂಡಿದ್ದಾರಂತೆ. ಗೇರುಬೀಜದ ಸೊನೆ ಎಂಥದೆಂದು ನನಗೆ ಗೊತ್ತಿತ್ತು. ಪುಸ್ತಕದಿಂದಲ್ಲ. ಕಾರ್ಕಳಕ್ಕೆ ರಜೆಗೆ ಹೋದಾಗಲೆಲ್ಲ ಬೀಜದ ಕಾರ್ಖಾನೆಯಿಂದ ಸಂಜೆ ಹಿಂತಿರುಗುವ ಹೆಂಗಸರ ಬೆರಳುಗಳನ್ನು ನೋಡಿದ್ದೆ. ಎಷ್ಟು ಬೂದಿ, ಎಷ್ಟು ಎಣ್ಣೆ ಸವರಿಕೊಂಡರೂ ತುದಿಗಳು ಕಪ್ಪಾಗಿ, ಸುಟ್ಟು, ಸಿಪ್ಪೆ ಎದ್ದ ಬೆರಳುಗಳು. ಅದು ಅಂಗೈಯ ಗಟ್ಟಿ ಚರ್ಮ. ಇದು ಅತ್ತಿಗೆಯ ಕೆನ್ನೆ, ಕಣ್ಣಿನಿಂದ ಎರಡು ಬೆರಳಿನಷ್ಟು ಕೆಳಗೆ.

ಬಿ.ಎಸ್ಸಿ. ಓದಿದವಳು ಆಗ ಏನು ಮಾಡಬೇಕಿತ್ತು? ಪೊಟ್ಟಣ ಕಿತ್ತುಕೊಂಡು ಬಾವಿಗೆ ಎಸೆಯಬೇಕಿತ್ತು. ನಾನು ಗಂಟಲು ಸರಿಮಾಡಿಕೊಂಡು, “ಡಾಕ್ಟರು ಏನೂ ಹಚ್ಚಬಾರದು ಅಂತ ಹೇಳಿದ್ದಾರೆ ಮಾಮಿ” ಎಂದೆ. “ಡಾಕ್ಟರು ಹೇಳಿದ್ದು ಪೇಟೆಯ ಮದ್ದಿಗೆ. ಇದು ಮರದ್ದು” ಎಂದರು ಮಾಮಿ. “ಅದರಲ್ಲಿ ಸುಡುವ ಗುಣ ಉಂಟು” ಎಂದೆ. “ಸುಡದೆ ಹೋಗುತ್ತದಾ ಮತ್ತೆ? ನೀನು ಕಪ್ಪೆ ಕೊಯ್ಯುವಾಗ ನಾನು ಬಂದು ಮಾತಾಡಿದೆನಾ?” ಎಂದರು. ಅಮ್ಮನ ಕಡೆ ನೋಡಿದೆ. ಅಮ್ಮ ಮಾಮಿಯ ಕಡೆ ನೋಡಿದಳು, ಮತ್ತೆ ನೆಲದ ಕಡೆ. ಅಣ್ಣ ಬ್ಯಾಂಕಿನಲ್ಲಿದ್ದ, ಇದ್ದರೂ ಮಾಮಿ ಎಂದರೆ ಅವನಿಗೆ ನನಗಿಂತ ಹೆಚ್ಚು ಹೆದರಿಕೆ. ಕೊನೆಗೆ ಅತ್ತಿಗೆಯ ಕಡೆ ನೋಡಿದೆ. ನಗುವ ಅತ್ತಿಗೆ ಆಗ ನಗುತ್ತಿರಲಿಲ್ಲ. “ಹಚ್ಚಲಿ ಸುಮ. ಸ್ವಲ್ಪ ಉರಿದರೆ ಉರಿಯಲಿ. ಕಾಪುವಿನಿಂದ ಅಮ್ಮ ಬರುವಾಗ ಮುಖ ಸರಿಯಾಗಿದ್ದರೆ ಸಾಕು” ಎಂದಳು. ಅವಳು ಕನ್ನಡಿಗೆ ಬೆನ್ನು ಹಾಕಿದ್ದು ಎಷ್ಟು ಆಳದ ಸಂಗತಿ ಎಂದು ನನಗೆ ಆಗ ಗೊತ್ತಾಯಿತು.

ಚಾವಡಿಯಲ್ಲಿ ಮಣೆ ಹಾಕಿ ಅತ್ತಿಗೆಯನ್ನು ಕೂರಿಸಿದರು. ಮಾಮಿ ಮೆಟ್ಟುಕತ್ತಿಯ ಮುಂದೆ ಕುಳಿತು ಕೈಗೆ ತೆಂಗಿನೆಣ್ಣೆ ಸವರಿಕೊಂಡು ಒಂದು ಬೀಜವನ್ನು ಸೀಳಿದರು. ತಮ್ಮ ಕೈಗೆ ಎಣ್ಣೆ ಹಚ್ಚಿಕೊಳ್ಳಲು ಅವರು ಮರೆಯಲಿಲ್ಲ, ಅದೇ ನನಗೆ ಇವತ್ತಿಗೂ ನೆನಪಿಗೆ ಬರುವುದು. ಸಿಪ್ಪೆಯ ಅಂಚಿನಲ್ಲಿ ಸೊನೆ ಮಣಿಮಣಿಯಾಗಿ ನಿಂತಿತು. ತೆಂಗಿನ ಕಡ್ಡಿಯ ತುದಿಯಿಂದ ಅದನ್ನು ಎತ್ತಿಕೊಂಡು ಮಾಮಿ ಅತ್ತಿಗೆಯ ಎದುರಿಗೆ ಬಂದರು. “ಕಣ್ಣು ಮುಚ್ಚು ಮಗಾ” ಎಂದರು. ಅತ್ತಿಗೆ ಕಣ್ಣು ಮುಚ್ಚಿ ಮುಖ ಮೇಲೆತ್ತಿದಳು, ದೇವರಿಗೆ ಎತ್ತಿದ ಹಾಗೆ. ಕಡ್ಡಿಯ ತುದಿಯಲ್ಲಿ ಹನಿ ತೂಗುತ್ತಿತ್ತು. ನಾನು ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದೆ. ನನ್ನ ಕಾಲು ನೆಲಕ್ಕೆ ಅಂಟಿತ್ತು, ನಾಲಗೆ ಅಂಗುಳಕ್ಕೆ ಅಂಟಿತ್ತು, ಪದವಿ ಗೋಡೆಯಲ್ಲಿ ಚೌಕಟ್ಟಿನೊಳಗೆ ನೇತಾಡುತ್ತಿತ್ತು.

ಆಗ ಅಂಗಳದಲ್ಲಿ ಕಾರಿನ ಹಾರನ್ನು. ಬಾಗಿಲುಗಳು ಧಡಧಡ ತೆರೆದ ಸದ್ದು. “ಅಯ್ಯೋ ನನ್ನ ಮಗಳೇ!” ಎಂಬ ಒಂದು ಕೂಗು, ಅದರ ಹಿಂದೆಯೇ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಹೇಗೆ ಹಿಡಿಸಿತ್ತೋ ದೇವರೇ ಬಲ್ಲ, ಕಾಪುವಿನ ಒಂದು ಕೇರಿಯೇ ಚಾವಡಿಗೆ ನುಗ್ಗಿತು. ಎಲ್ಲರಿಗಿಂತ ಮುಂದೆ ಅತ್ತಿಗೆಯ ತಾಯಿ. ಅವರು ಮಗಳ ಮೇಲೆ ಬಿದ್ದು ಅಪ್ಪಿಕೊಂಡ ರಭಸಕ್ಕೆ ಮಾಮಿ ಒಂದು ಕಡೆ, ಕಡ್ಡಿ ಒಂದು ಕಡೆ ಹೋದರು. ಅದೇ ಕ್ಷಣದಲ್ಲಿ ನನ್ನ ಎಡಗೈ ಅತ್ತಿಗೆಯ ಮುಖದ ಮುಂದೆ ಇತ್ತು, ಹನಿ ಅದರ ಮಣಿಕಟ್ಟಿನ ಮೇಲೆ ಬಿತ್ತು. ಕೈ ಅಲ್ಲಿಗೆ ಹೇಗೆ ಹೋಯಿತು? ತಡೆಯಲೆಂದು ನಾನೇ ಚಾಚಿದೆನೋ, ಹಿಂದಿನಿಂದ ಯಾರೋ ಕಾಪುವಿನವರು ದೂಡಿದ್ದಕ್ಕೆ ಬೀಳದಿರಲು ಚಾಚಿದೆನೋ, ಎಷ್ಟು ಸಲ ಮನಸ್ಸಿನಲ್ಲಿ ಆ ಗಳಿಗೆಯನ್ನು ಹಿಂದೆ ಮುಂದೆ ಓಡಿಸಿ ನೋಡಿದರೂ ಅದೊಂದು ತುಂಡು ಮಾತ್ರ ಕಾಣುವುದಿಲ್ಲ.

“ಎಂತ ಆಯಿತು ಮಗಳಿಗೆ? ಎಂತ ಬಂಗ? ಸಂಜೀವ ಬಂದು ‘ಜಲಜಕ್ಕನಿಗೆ ಬಂಗ ಬಂದಿದೆಯಂತೆ, ಹೆದರಬೇಡಿ’ ಅಂದ. ಹೆದರಬೇಡಿ ಅಂದ ಮೇಲೆ ಯಾರಿಗೆ ಜೀವ ನಿಲ್ಲುತ್ತದೆ? ಮಾರಿಗುಡಿಗೆ ಹರಕೆ ಹೇಳಿ, ಇದ್ದ ಸೀರೆಯಲ್ಲಿ ಬಂದೆವು” ಎಂದು ಅವರು ಅಳುತ್ತಲೇ ಮಗಳ ಕೈಕಾಲು ತಡವಿ ನೋಡಿದರು. ಅಮ್ಮ, “ಬಂಗ ಅಲ್ಲ, ಬಂಗು” ಎಂದಳು. ಅಳು ನಿಂತಿತು. “ಅದೆಂತದು?” ಅಮ್ಮ ಅತ್ತಿಗೆಯ ಕೆನ್ನೆ ತೋರಿಸಿ, ತೀರ್ಪಿಗೆ ಕಾಯುವವಳಂತೆ ತಲೆ ತಗ್ಗಿಸಿ ನಿಂತಳು. ಕಾಪುವಿನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಬಗ್ಗಿ, ಮಗಳ ಮುಖವನ್ನು ಮೊದಲ ಬಾರಿಗೆ ನೋಡಿದರು. ಮತ್ತೆ ತಮ್ಮ ಯಜಮಾನರ ಕಡೆ ತಿರುಗಿದರು. “ನೋಡಿ, ನೋಡಿ ಇಲ್ಲಿ! ನನಗೆ ಬಂದದ್ದೇ ಅಲ್ವಾ ಇದು? ಇವಳು ಹೊಟ್ಟೆಯಲ್ಲಿರುವಾಗ ನನ್ನ ಮುಖ ಕಂಡು ನಿಮ್ಮ ಅಮ್ಮ ಕರಿ ಬೆಕ್ಕು ಅಂತ ಕರೆದದ್ದು ನೆನಪುಂಟಾ?” ಯಜಮಾನರು ಕನ್ನಡಕ ಏರಿಸಿ ನೋಡಿ, “ಹೌದು, ಅದೇ” ಎಂದು ಸಹಿ ಹಾಕಿದರು. ತಾಯಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಅಮ್ಮ ಅಷ್ಟು ದಿನ ತನ್ನ ಮನೆಯ ಮಸಿ ಎಂದುಕೊಂಡದ್ದು ಕಾಪುವಿನಿಂದಲೇ ಬಂದ ಬಳುವಳಿಯಾಗಿತ್ತು! ಅಮ್ಮ ಗೋಡೆಗೆ ಒರಗಿ, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ ಕುಳಿತುಬಿಟ್ಟಳು.

ಬಂದವರಿಗೆ ಊಟ ಹಾಕಬೇಕಲ್ಲ. ಉಳಿದ ಬೀಜಗಳನ್ನು ಅಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಸುಲಿದು, ತೊಂಡೆಕಾಯಿಯೊಂದಿಗೆ ಪಲ್ಯ ಮಾಡಿದಳು. ಎಲ್ಲರೂ ಹೊಗಳಿ ತಿಂದರು. ಮಾಮಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. ನನ್ನ ಕೈ ಹಿಡಿದು ನೋಡಿ, “ಇಗೋ, ಬಿದ್ದು ಎಷ್ಟು ಹೊತ್ತಾಯಿತು! ಎಂತ ಆಯಿತು? ಎಂತ ಆಗಲಿಲ್ಲ. ಇವರೆಲ್ಲ ಹೋಗಲಿ, ನಾಳೆ ಬೆಳಿಗ್ಗೆ ಹಚ್ಚುವ” ಎಂದು ಮೆಲ್ಲಗೆ ಹೇಳಿದರು. ನಿಜವೇ, ಆಗ ಏನೂ ಆಗಿರಲಿಲ್ಲ. ಸೊನೆಯ ಮೋಸ ಇರುವುದೇ ಅಲ್ಲಿ. ಸಂಜೆಗೆ ತುರಿಕೆ ಶುರುವಾಯಿತು, ಆಮೇಲೆ ಉರಿ. ಬೆಳಿಗ್ಗೆ ಎದ್ದಾಗ ಮಣಿಕಟ್ಟಿನ ಮೇಲೆ ನೀರು ತುಂಬಿದ ಬೊಕ್ಕೆ, ಸುತ್ತ ಕೆಂಡದ ಬಣ್ಣ. ಮಾಮಿ ಮುಖ ತೊಳೆದು ಬಂದವರು ಅದನ್ನು ನೋಡಿದರು. ನನ್ನ ಕೈಯಿಂದ ಅವರ ನೋಟ ಅತ್ತಿಗೆಯ ಕೆನ್ನೆಗೆ ಹೋಯಿತು, ಕಣ್ಣಿಗೆ ಹೋಯಿತು, ಮತ್ತೆ ನನ್ನ ಕೈಗೆ ಬಂತು. ಅಲ್ಲೇ ಕುಳಿತು ನನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮಾಮಿ ಅತ್ತದ್ದನ್ನು ನಾನು ನೋಡಿದ್ದು ಅಪ್ಪ ಹೋದಾಗ, ಅದು ಬಿಟ್ಟರೆ ಆಗಲೇ. ಅಂದಿನಿಂದ ಕಾರ್ಕಳದಲ್ಲಿ ಯಾವ ಬಸುರಿಯ ಮುಖಕ್ಕೆ ಯಾರು ಏನು ಹಚ್ಚಲು ಹೊರಟರೂ ಮಾಮಿ ಅಲ್ಲಿ ಹಾಜರು. “ಏನೂ ಹಚ್ಚಬಾರದು! ನಮ್ಮ ಸುಮ ಹೇಳಿದ್ದಾಳೆ, ಬಿ.ಎಸ್ಸಿ. ಓದಿದವಳು” ಎಂದು ಗದರಿಸುತ್ತಿದ್ದರಂತೆ. ಮಣಿಪಾಲದ ಡಾಕ್ಟರಿಗೆ ಆ ಮಾತಿನಲ್ಲಿ ಪಾಲು ಸಿಗಲಿಲ್ಲ.

ಅತ್ತಿಗೆ ಅದೇ ಮುಖದಲ್ಲಿ ಸೀಮಂತಕ್ಕೆ ಕುಳಿತಳು, ತಲೆ ತುಂಬ ಮಲ್ಲಿಗೆ, ಮುಖ ತುಂಬ ಬಂಗು. ಫೋಟೊ ತೆಗೆದವನು ನಮ್ಮ ಮೇಲಿನ ವಿಶ್ವಾಸದಿಂದ ಕಲೆಗಳನ್ನೆಲ್ಲ ‘ಟಚ್’ ಮಾಡಿ ತೆಗೆದು ಕೊಟ್ಟ. ಜೊತೆಗೆ ಅವಳ ಮೂಗುಬೊಟ್ಟನ್ನೂ ತೆಗೆದಿದ್ದ. ಗಂಡುಮಗು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಹೊಟ್ಟೆಯ ಗೆರೆ ಅಳಿಸಿಹೋಯಿತು, ಮುಖದ ನೆರಳೂ ಮಾಸಿತು. ಬಲಗಣ್ಣಿನ ಕೆಳಗೆ ಒಂದು ತೆಳುವಾದ ಮಬ್ಬು ಉಳಿದಿದೆ, ಅದು ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನನ್ನ ಮಣಿಕಟ್ಟಿನದು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಉಳಿಯಿತು. ಸುಮ ಕೈ ಅಡ್ಡ ಹಿಡಿದು ಅತ್ತಿಗೆಯ ಮುಖ ಉಳಿಸಿದಳು ಎಂದು ಮನೆಯಲ್ಲಿ ಕಥೆಯಾಯಿತು. ಕಥೆ ಹೇಳುವವರು ಅಷ್ಟು ಸಂತೋಷದಿಂದ ಹೇಳುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ.

ಎಂಬತ್ತರ ದಶಕ ಬಂತು. ನನಗೆ ಕಾರ್ಕಳದ ಹೈಸ್ಕೂಲಿನಲ್ಲಿ ಕೆಲಸವಾಯಿತು, ಅಲ್ಲೇ ಮದುವೆಯೂ ಆಯಿತು. ನಾನು ಬಸುರಿಯಾದೆ. ಐದು ತಿಂಗಳಾಗುತ್ತಲೇ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನನ್ನ ಕೆನ್ನೆಗಳ ಮೇಲೆ ಅದೇ ನೆರಳು! ಕೆಡಲಿಕ್ಕೆ ಹೆಚ್ಚೇನೂ ಇಲ್ಲ ಎಂದುಕೊಂಡಿದ್ದ ಮುಖದಲ್ಲೂ ಕೆಡಲಿಕ್ಕೆ ಸಾಕಷ್ಟು ಇತ್ತು. ಇದು ಏನು, ಏಕೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ತರಗತಿಯಲ್ಲಿ ಹುಡುಗಿಯರಿಗೆ ಪಾಠ ಮಾಡಿದವಳು ನಾನೇ. ಆದರೂ ತಲೆ ಬಾಚುವಾಗ ಕನ್ನಡಿಗೆ ಬೆನ್ನು ಹಾಕತೊಡಗಿದೆ. ನಮ್ಮವರು ನನ್ನನ್ನು ಸಮಾಧಾನ ಮಾಡಲು, “ಕನ್ನಡಕ ತೆಗೆದರೆ ನನಗೆ ಏನೂ ಕಾಣುವುದಿಲ್ಲ” ಎಂದರು. ಆ ದಿನ ನಾನು ಅವರೊಡನೆ ಮಾತಾಡಲಿಲ್ಲ. ಯಾಕೋ ಅಮ್ಮನನ್ನೂ ಅತ್ತಿಗೆಯನ್ನೂ ನೋಡಬೇಕೆನಿಸಿತು.

ಸಂಜೀವ ಆಗ ಕಾರ್ಕಳ-ಉಡುಪಿ ಬಸ್ಸಿಗೆ ಬದಲಾಗಿದ್ದ. ಮೀಸೆ ಸ್ವಲ್ಪ ಬೆಳ್ಳಗಾಗಿತ್ತು. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಬಸ್ಸು ನಿಂತಾಗ, “ಸಂಜೀವಣ್ಣ, ನನಗೆ ಬಂಗು ಬಂದಿದೆ ಅಂತ ಮನೆಯಲ್ಲಿ ಹೇಳಿ” ಎಂದೆ. ಅವನು ಸೀಟಿಯನ್ನು ಬಾಯಿಯಿಂದ ತೆಗೆದು ನನ್ನನ್ನು ದೃಷ್ಟಿಸಿ ನೋಡಿದ. “ಯಾವುದು ಟೀಚರೇ? ಮುಖದ್ದಾ, ಬದುಕಿನದ್ದಾ? ಕಾರು ಮಾಡುವ ಮೊದಲು ಸರಿಯಾಗಿ ಹೇಳಿಬಿಡಿ.” ಬಸ್ಸಿನಲ್ಲಿದ್ದವರೆಲ್ಲ ನನ್ನ ಉತ್ತರಕ್ಕೆ ಕಾದರು. “ಮುಖದ್ದು” ಎಂದೆ. “ಹಾಗಾದರೆ ‘ಹೆದರಬೇಡಿ’ ಅಂತ ಹೇಳುವುದು ಬೇಡ ಅಲ್ವಾ?” “ಬೇಡ.” ಸೀಟಿ ಊದಿ ಹೋದ. ಆ ಸಂಜೆ ನಾನು ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದೆ. ಯಾವ ಕಾರೂ ಬರಲಿಲ್ಲ, ಯಾರೂ ಅಳುತ್ತಾ ಅಪ್ಪಿಕೊಳ್ಳಲಿಲ್ಲ. ಸರಿಯಾಗಿ ತಲುಪಿದ ಸುದ್ದಿಯ ಹಣೆಬರಹವೇ ಅಷ್ಟು. ಮರುದಿನ ಬೆಳಿಗ್ಗೆ ಬಸ್ಸು ನಿಂತಾಗ ನಾನೇ ಮೆಟ್ಟಿಲ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, “ಸಂಜೀವಣ್ಣ, ನಿನ್ನೆ ಹೇಳಿದ್ದು ತಪ್ಪಾಯಿತು. ಇವತ್ತು ಕೊಂಬು ಬೇಡ” ಎಂದೆ. ಅವನಿಗೆ ಅರ್ಥವಾಯಿತು.

ಸಂಜೆ ಅದೇ ಬಸ್ಸಿನಿಂದ ಅತ್ತಿಗೆ ಇಳಿದಳು. ಅಳುತ್ತಾ ಬರಲಿಲ್ಲ, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ನಗುತ್ತಾ ಬಂದಳು. “ಬಂಗುವೋ ಬಂಗವೋ ತನಗೇ ಸರಿ ಗೊತ್ತಿಲ್ಲ ಅಂದ ಸಂಜೀವ. ಎರಡಕ್ಕೂ ಆಗಲಿ ಅಂತ ಬಂಗುಡೆ ತಂದೆ” ಎಂದು ನೇರವಾಗಿ ಅಡಿಗೆಮನೆಗೆ ನಡೆದಳು. ಮೀನು ಕೊಯ್ದು ತೊಳೆಯುತ್ತಾ ಒಂದೆರಡು ಸಲ ನನ್ನ ಮುಖ ನೋಡಿದಳು, ಕಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಬಲಗಣ್ಣಿನ ಕೆಳಗಿನ ಮಬ್ಬನ್ನು ನಾನು ನೋಡಿದೆ. ಉಗುರಗಲದ ಜಾಗ, ಅಷ್ಟೇ ಉಳಿದದ್ದು. ಒಲೆಯ ಮೇಲೆ ಸಾರು ಕುದಿಯತೊಡಗಿದಾಗ ಅತ್ತಿಗೆ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ಸರಿಸಿ, ಕಪ್ಪು ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದಳು, ಹಿಂದೆ ಅಮ್ಮ ಅವಳ ಕೆನ್ನೆಯನ್ನು ಒರೆಸಿದ ಹಾಗೆ.

“ಸುಮ, ನಿಜ ಹೇಳು. ಆ ದಿನ ನೀನೇ ಕೈ ಅಡ್ಡ ಹಿಡಿದದ್ದಾ, ಅಲ್ಲ ನಮ್ಮ ಕಾಪುವಿನವರು ಯಾರಾದರೂ ದೂಡಿದ್ದಾ?”

ನಾನು ಸೌಟಿನಿಂದ ಒಂದು ಹನಿ ಸಾರು ಅವಳ ಅಂಗೈಗೆ ಬಿಟ್ಟು, “ಉಪ್ಪು ಸಾಕಾ ನೋಡು ಅತ್ತಿಗೆ” ಎಂದೆ.